ಶೂನ್ಯ ಸುಂಕದ ಒಪ್ಪಂದ: ಬಳ್ಳಾರಿ, ರಾಯಚೂರು, ಕೊಪ್ಪಳದ ಲೆಕ್ಕದಲ್ಲಿ

ಆಮದು ಸುಂಕ ಎಂದರೇನು ಎಂದು ರಾಯಚೂರಿನ ಹತ್ತಿ ಬೆಳೆಗಾರರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊರದೇಶದ ಹತ್ತಿಯ ಮೇಲೆ 2021ರಿಂದ ಇದ್ದ ಶೇ 11ರ ಸುಂಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್ 19ರಂದು ತೆಗೆದುಹಾಕಿತು. ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಎಂದಿದ್ದ ವಿನಾಯಿತಿ ಡಿಸೆಂಬರ್ ಕೊನೆಯವರೆಗೂ ಮುಂದುವರಿಯಿತು. ಹೊಸ ಹತ್ತಿ ಮಾರುಕಟ್ಟೆಗೆ ಬರುವ ತಿಂಗಳುಗಳೇ ಅವು. ಸಂಡೂರಿನ ಗಣಿ ಸೀಮೆಯವರಿಗೂ ಸುಂಕದ ಏರಿಳಿತ ಹೊಸದಲ್ಲ. 2022ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರಿನ ರಫ್ತು ಸುಂಕ ಶೇ 50ಕ್ಕೆ ಏರಿ, ನವೆಂಬರ್‌ನಲ್ಲಿ ಇಳಿದಾಗ ಲಾರಿಗಳ ಓಡಾಟ ಎಷ್ಟು ಬದಲಾಗುತ್ತದೆ ಎಂಬುದನ್ನು ಅವರು ಕಂಡಿದ್ದಾರೆ. ತೋರಣಗಲ್ಲಿನ ಉಕ್ಕಿನ ವಿಷಯದಲ್ಲಂತೂ 2025ರ ಏಪ್ರಿಲ್‌ನಲ್ಲಿ ಆಮದು ಚಪ್ಪಟೆ ಉಕ್ಕಿನ ಮೇಲೆ ಶೇ 12ರ ತಾತ್ಕಾಲಿಕ ರಕ್ಷಣಾ ಸುಂಕವೇ ಬಂತು.

ಈ ಮೂರರಲ್ಲೂ ನಮ್ಮ ಜಿಲ್ಲೆಗಳು ಮಾರುವವರ ಬದಿಯಲ್ಲಿವೆ. ಲ್ಯಾಪ್‌ಟಾಪ್, ಪ್ರಿಂಟರ್, ರೌಟರ್, ಮೊಬೈಲ್‌ಗಳ ವಿಷಯಕ್ಕೆ ಬಂದರೆ ನಿಲ್ಲುವ ಜಾಗ ಅದಲುಬದಲಾಗುತ್ತದೆ. ಇಲ್ಲಿ ನಾವು ಕೊಳ್ಳುವವರು. ಹತ್ತಿಗೆ ಸುಂಕ ಹಾಕಿ ಎಂದು ತಹಶೀಲ್ದಾರರಿಗೆ ಮನವಿ ಕೊಟ್ಟು ಬಂದ ರೈತನ ಮಗಳು ಎಂಜಿನಿಯರಿಂಗ್ ಸೇರುವಾಗ ಕೊಳ್ಳುವ ಲ್ಯಾಪ್‌ಟಾಪ್‌ಗೆ ಸುಂಕ ಬೀಳಬಾರದು. ಎರಡೂ ನ್ಯಾಯವಾದ ಬೇಡಿಕೆಗಳೇ. ಐಟಿ ಉತ್ಪನ್ನಗಳ ಆಮದು ಸುಂಕವನ್ನು ಸೊನ್ನೆಗೆ ಇಳಿಸುವ ಅಂತರರಾಷ್ಟ್ರೀಯ ಒಪ್ಪಂದದ ಬಗ್ಗೆ ನಮ್ಮಲ್ಲಿ ನಡೆಯುವ ಅಲ್ಪಸ್ವಲ್ಪ ಚರ್ಚೆ ಮಾತ್ರ ತಯಾರಕರ ಸುತ್ತಲೇ ಸುತ್ತುತ್ತದೆ. ದೇವನಹಳ್ಳಿಯಲ್ಲಿ ಎಷ್ಟು ಫೋನ್ ಜೋಡಣೆಯಾಯಿತು, ನರಸಾಪುರದಲ್ಲಿ ಎಷ್ಟು ಉದ್ಯೋಗ ಸಿಕ್ಕಿತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಫೋನ್ ತಯಾರಿಸದ, ಆದರೆ ದಿನಬೆಳಗಾದರೆ ಅದನ್ನೇ ನೆಚ್ಚಿಕೊಂಡ ಜಿಲ್ಲೆಗಳ ಲೆಕ್ಕವನ್ನು ಯಾರೂ ಬಿಡಿಸಿ ನೋಡುವುದಿಲ್ಲ. ನೋಡಿದರೆ, ದೇಶದ ಐಟಿ ಉದ್ಯಮವನ್ನು ಅಳಿಸಿಹಾಕಿತು ಎಂಬಂಥ, ಈ ಒಪ್ಪಂದದ ಮೇಲೆ ಹೊರಿಸುವ ಆರೋಪಗಳಲ್ಲಿ ಅರ್ಧದಷ್ಟು ನಮ್ಮದೇ ತೆರಿಗೆ ವ್ಯವಸ್ಥೆಯ ಮೇಲೆ ಬೀಳಬೇಕಾದವು ಎಂಬುದು ಕಾಣುತ್ತದೆ.

ಒಪ್ಪಂದದ ಹುಟ್ಟಿನಿಂದ ಆರಂಭಿಸೋಣ. 1996ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೊದಲ ಸಚಿವರ ಸಮ್ಮೇಳನ ಸಿಂಗಪುರದಲ್ಲಿ ನಡೆಯಿತು. ಅಲ್ಲಿ 29 ಸದಸ್ಯರು ಸೇರಿ ಒಂದು ಘೋಷಣೆಗೆ ಒಪ್ಪಿದರು: ಕಂಪ್ಯೂಟರ್, ದೂರಸಂಪರ್ಕ ಸಲಕರಣೆ, ಸೆಮಿಕಂಡಕ್ಟರ್, ಅವುಗಳನ್ನು ತಯಾರಿಸುವ ಯಂತ್ರಗಳು, ಕೆಲವು ವೈಜ್ಞಾನಿಕ ಉಪಕರಣಗಳು, ಇವುಗಳ ಮೇಲಿನ ಆಮದು ಸುಂಕವನ್ನು ಹಂತ ಹಂತವಾಗಿ ಸೊನ್ನೆಗೆ ಇಳಿಸುವುದು. ಜಗತ್ತಿನ ಐಟಿ ವ್ಯಾಪಾರದ ಶೇ 90ರಷ್ಟನ್ನು ನಡೆಸುವ ದೇಶಗಳು ಸೇರಿದರೆ ಮಾತ್ರ ಜಾರಿ ಎಂಬ ಷರತ್ತೂ ಇತ್ತು. ಷರತ್ತು ಪೂರ್ಣಗೊಂಡು 1997ರಲ್ಲಿ ಒಪ್ಪಂದ ಜಾರಿಗೆ ಬಂತು. ಭಾರತವೂ ಅದೇ ವರ್ಷ ಸೇರಿತು. 217 ಸುಂಕ ಸಾಲುಗಳನ್ನು (ಸುಂಕ ಪಟ್ಟಿಯ ನಮೂದುಗಳನ್ನು) 2005ರೊಳಗೆ ಸೊನ್ನೆಗೆ ತರುವುದಾಗಿ ಮಾತು ಕೊಟ್ಟಿತು. ಚೀನಾ ಬಂದಿದ್ದು 2003ರಲ್ಲಿ. ಇಂದು 80ಕ್ಕೂ ಹೆಚ್ಚು ಸದಸ್ಯರಿದ್ದಾರೆ, ಈ ವಸ್ತುಗಳ ವಿಶ್ವ ವ್ಯಾಪಾರದ ಸುಮಾರು ಶೇ 97 ಅವರದೇ. ಬ್ರೆಜಿಲ್, ಮೆಕ್ಸಿಕೊ, ದಕ್ಷಿಣ ಆಫ್ರಿಕಾ ಹೊರಗೆ ಉಳಿದ ದೊಡ್ಡ ಹೆಸರುಗಳು.

ಇದರ ಒಂದು ಗುಣ ದ್ವಿಪಕ್ಷೀಯ ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿ ಇಲ್ಲ. ಸಹಿ ಹಾಕಿದ ದೇಶ ಸುಂಕ ಇಳಿಸಿದರೆ ಆ ಲಾಭ ಸಹಿ ಹಾಕದ ಸದಸ್ಯ ದೇಶಕ್ಕೂ ಸಿಗುತ್ತದೆ. ಒಬ್ಬರಿಗೆ ಕೊಟ್ಟ ರಿಯಾಯಿತಿಯನ್ನು ಎಲ್ಲ ಸದಸ್ಯರಿಗೂ ಕೊಡಬೇಕೆಂಬ ವಿಶ್ವ ವ್ಯಾಪಾರ ಸಂಸ್ಥೆಯ ಮೂಲ ನಿಯಮವೇ ಇದಕ್ಕೆ ಕಾರಣ. ಶೇ 90ರ ಷರತ್ತು ಹಾಕಿದ್ದೂ ಅದಕ್ಕೇ. ಪುಕ್ಕಟೆ ಲಾಭ ಪಡೆಯುವವರ ಪಾಲು ತೀರಾ ಚಿಕ್ಕದಾಗಿರಲಿ ಎಂದು. ಈ ಅಂಶ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಬಳ್ಳಾರಿಯ ಬಿಲ್ಲಿನಲ್ಲಿ ಏನಿದೆ

ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ ಮಾರಾಟವಾಗುವ ಆಮದು ಲ್ಯಾಪ್‌ಟಾಪ್ ಬಂದರಿಗೆ ಬಂದಾಗ ಅದರ ಮೌಲ್ಯ ₹50,000 ಎಂದಿಟ್ಟುಕೊಳ್ಳಿ. ಮೂಲ ಕಸ್ಟಮ್ಸ್ ಸುಂಕ ಸೊನ್ನೆ. ಆ ಸುಂಕದ ಮೇಲೆ ಶೇ 10ರಂತೆ ಬೀಳುವ ಸಮಾಜ ಕಲ್ಯಾಣ ಸರ್ಚಾರ್ಜ್ ಕೂಡ ಸೊನ್ನೆ, ಸೊನ್ನೆಯ ಶೇ 10 ಸೊನ್ನೆಯೇ ಅಲ್ಲವೆ. ಆಮೇಲೆ ಶೇ 18ರ ಜಿಎಸ್‌ಟಿ, ಅಂದರೆ ₹9,000. ಒಟ್ಟು ₹59,000, ಅದರ ಮೇಲೆ ಸಾಗಣೆ ಮತ್ತು ಅಂಗಡಿಯವರ ಲಾಭ. ಇನ್ನು ಆಮದು ಮೊಬೈಲ್ ತೆಗೆದುಕೊಳ್ಳಿ, ಮೌಲ್ಯ ₹20,000. 2024ರ ಜುಲೈ ಬಜೆಟ್ ನಿಗದಿ ಮಾಡಿದ ಶೇ 15ರಂತೆ ಸುಂಕ ₹3,000, ಸರ್ಚಾರ್ಜ್ ₹300, ಈ ಮೊತ್ತದ ಮೇಲೆ ಶೇ 18ರಂತೆ ಜಿಎಸ್‌ಟಿ ₹4,194. ಕೊನೆಗೆ ₹27,494. ಸುಂಕ ಇಲ್ಲದಿದ್ದರೆ ಅದು ₹23,600 ಆಗುತ್ತಿತ್ತು. ಸುಂಕದ ಮೇಲೂ ಜಿಎಸ್‌ಟಿ ಬೀಳುವುದರಿಂದ ವ್ಯತ್ಯಾಸ ₹3,894ಕ್ಕೆ ಬೆಳೆಯಿತು.

ಈಗ ದೇಶದಲ್ಲಿ ಮಾರಾಟವಾಗುವ ಹೆಚ್ಚುಕಡಿಮೆ ಎಲ್ಲ ಫೋನ್‌ಗಳೂ ಇಲ್ಲೇ ಜೋಡಣೆಯಾಗುತ್ತವೆ, ಹಾಗಾಗಿ ಸುಂಕ ಗ್ರಾಹಕನಿಗೆ ತಟ್ಟುವುದಿಲ್ಲ ಎಂಬ ವಾದವಿದೆ. ಅದು ಅರ್ಧ ನಿಜ. ಹೊರಗಿನ ಮಾಲಿಗೆ ತಡೆ ಇದ್ದಾಗ ಒಳಗಿನವನು ಎಷ್ಟು ಅಗ್ಗವಾಗಿ ಕೊಡಬೇಕು ಎಂಬ ಒತ್ತಡ ಸಡಿಲವಾಗುತ್ತದೆ. ಒಳಗಿನ ಕಂಪನಿಗಳ ನಡುವೆಯೇ ಪೈಪೋಟಿ ಜೋರಾಗಿರುವ ಅಗ್ಗದ ಫೋನ್‌ಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ದುಬಾರಿ ಫೋನ್‌ಗಳಲ್ಲಿ ಕಾಣುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಲ್ಯಾಪ್‌ಟಾಪ್ ಬೆಲೆ ಏರಿದಾಗಲೆಲ್ಲ ಆಮದು ಸುಂಕವನ್ನು ಬೈಯುವುದು ವಾಡಿಕೆಯಾಗಿದೆ. ಇಲ್ಲದ ಸುಂಕವನ್ನು ಬೈದು ಪ್ರಯೋಜನವಿಲ್ಲ. ಅಲ್ಲಿ ಭಾರ ಇರುವುದು ಜಿಎಸ್‌ಟಿಯದು, ಡಾಲರ್ ಎದುರು ರೂಪಾಯಿಯದು. ಮೊಬೈಲ್‌ನ ಜಿಎಸ್‌ಟಿಯನ್ನು ಶೇ 12ರಿಂದ 18ಕ್ಕೆ ಏರಿಸಿದ್ದು 2020ರ ಏಪ್ರಿಲ್‌ನಲ್ಲಿ, ವಿಶ್ವ ವ್ಯಾಪಾರ ಸಂಸ್ಥೆಯ ಕಚೇರಿ ಇರುವ ಜಿನೀವಾದಲ್ಲಿ ಯಾರೂ ಕೇಳದೆ ಇದ್ದಾಗ. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಟಿವಿಗಳನ್ನೂ ಮಾನಿಟರ್‌ಗಳನ್ನೂ ಶೇ 28ರಿಂದ 18ಕ್ಕೆ ಇಳಿಸಿದಾಗಲೂ ಮೊಬೈಲ್, ಲ್ಯಾಪ್‌ಟಾಪ್ ಇದ್ದಲ್ಲೇ ಉಳಿದವು.

ಒಂದೇ ಯಂತ್ರ, ಎರಡು ಹೆಸರು

ಒಪ್ಪಂದದ ನಿಜವಾದ ತಲೆನೋವು ದರದಲ್ಲಿಲ್ಲ, ಪಟ್ಟಿಯಲ್ಲಿದೆ. ಆಮದಾಗುವ ಪ್ರತಿ ವಸ್ತುವಿಗೂ ವಿಶ್ವ ಕಸ್ಟಮ್ಸ್ ಸಂಸ್ಥೆ ಆರಂಕಿಯ ಒಂದು ಎಚ್‌ಎಸ್ ಸಂಖ್ಯೆ ಕೊಟ್ಟಿರುತ್ತದೆ. ಆ ಸಂಖ್ಯೆ ಒಪ್ಪಂದದ ಪಟ್ಟಿಯಲ್ಲಿದ್ದರೆ ಸೊನ್ನೆ, ಇಲ್ಲದಿದ್ದರೆ ಆಯಾ ದೇಶದ ಇಷ್ಟ. ಪಟ್ಟಿ ಬರೆದದ್ದು 1996ರಲ್ಲಿ, ಫ್ಲಾಪಿ ಡಿಸ್ಕ್ ಕಾಲದಲ್ಲಿ. ಯಂತ್ರಗಳು ಆಮೇಲೆ ಒಂದರೊಳಗೊಂದು ಬೆರೆತುಹೋದವು, ಪಟ್ಟಿ ಬೆರೆಯಲಿಲ್ಲ.

ಜಿಲ್ಲಾಧಿಕಾರಿ ಕಚೇರಿಯ ಸುತ್ತಮುತ್ತ ಇರುವ ಜೆರಾಕ್ಸ್ ಅಂಗಡಿಗಳಲ್ಲಿ ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರನ್ನೂ ಮಾಡುವ ಯಂತ್ರವನ್ನು ನೋಡಿ. ಪಹಣಿ ಮುದ್ರಿಸುವಾಗ ಅದು ಪ್ರಿಂಟರ್. ಆಧಾರ್ ಪ್ರತಿ ತೆಗೆಯುವಾಗ ಜೆರಾಕ್ಸ್ ಯಂತ್ರ. ಪ್ರಿಂಟರ್ ಎಂದರೆ ಒಪ್ಪಂದದ ಒಳಗೆ, ಸುಂಕವಿಲ್ಲ. ಕೆಲವು ಬಗೆಯ ಫೋಟೊಕಾಪಿ ಯಂತ್ರ ಎಂದರೆ ಹೊರಗೆ. ಐರೋಪ್ಯ ಒಕ್ಕೂಟ ಇದನ್ನೇ ಹಿಡಿದುಕೊಂಡು ಇಂಥ ಯಂತ್ರಗಳ ಕೆಲವು ಬಗೆಗಳ ಮೇಲೆ ಶೇ 6, ಸೆಟ್‌ಟಾಪ್ ಬಾಕ್ಸ್‌ಗಳ ಮೇಲೆ ಶೇ 13.9, ಕೆಲವು ಚಪ್ಪಟೆ ಪರದೆಗಳ ಮೇಲೆ ಶೇ 14 ಸುಂಕ ಹಾಕಿತ್ತು. ಅಮೆರಿಕ, ಜಪಾನ್, ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 2010ರಲ್ಲಿ ತೀರ್ಪು ಯುರೋಪಿನ ವಿರುದ್ಧ ಬಂತು. ಹೆಸರು ಬದಲಾಯಿಸಿ ಸುಂಕ ವಸೂಲು ಮಾಡುವ ಜಾಣತನ ಬಡ ದೇಶಗಳದಷ್ಟೇ ಅಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ನಮ್ಮಲ್ಲೂ ಅದೇ ಕಥೆ. ಕಂಪ್ಯೂಟರಿಗೆ ಜೋಡಿಸುವ ಮಾನಿಟರ್‌ಗೆ ಸುಂಕ ಸೊನ್ನೆ, ಹೆಚ್ಚುಕಡಿಮೆ ಅದೇ ಗಾಜಿನ ಎಲ್‌ಇಡಿ ಟಿವಿಗೆ ಶೇ 20. ಶಾಲೆಯ ಸ್ಮಾರ್ಟ್ ತರಗತಿಯ ಗೋಡೆಗೆ ಹಾಕುವ, ಮುಟ್ಟಿದರೆ ಬರೆಯುವ ದೊಡ್ಡ ಪರದೆ ಮೂರನೆಯ ಜಾತಿ. 2025ರ ಬಜೆಟ್ ಅದರ ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿತು, ಪರದೆಯ ಒಳಭಾಗಗಳ ಸುಂಕವನ್ನು ಶೇ 5ಕ್ಕೆ ಇಳಿಸಿತು. ದೇಶದೊಳಗೆ ಜೋಡಣೆ ಮಾಡುವವರಿಗೆ ಅನುಕೂಲವಾಗಲಿ ಎಂಬ ಉದ್ದೇಶ ಸರಿಯೇ. ಆದರೆ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗೆ ಪರದೆ ಕೊಳ್ಳುವ ಟೆಂಡರ್‌ನಲ್ಲಿ ಆ ಏರಿಕೆಯ ಪಾಲು ಎಷ್ಟು ಎಂದು ಕೇಳಿದವರುಂಟೆ? ಒಂದು ಕೈಯಿಂದ ಪ್ರದೇಶಾಭಿವೃದ್ಧಿಗೆ ಅನುದಾನ, ಇನ್ನೊಂದು ಕೈಯಿಂದ ಅದರಲ್ಲೇ ಸುಂಕ.

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಇನ್ನೂ ಸೊಗಸಾದ ಉದಾಹರಣೆ ಇದೆ. ಪಾಲಿಶ್ ಆದ ಅಕ್ಕಿ ಇಳಿಜಾರು ಕಾಲುವೆಗಳಲ್ಲಿ ತೆಳುವಾದ ಪದರವಾಗಿ ಸುರಿಯುತ್ತದೆ. ಎರಡೂ ಕಡೆಯಿಂದ ಕ್ಯಾಮೆರಾಗಳು ಪ್ರತಿ ಕಾಳನ್ನು ನೋಡುತ್ತವೆ. ಕಪ್ಪಾದ, ಹಳದಿಯಾದ, ಸುಣ್ಣದಂತೆ ಬೆಳ್ಳಗಾದ ಕಾಳು ಕಂಡ ಕೂಡಲೇ ಅದು ಕೆಳಗೆ ಬೀಳುವ ಮೊದಲೇ ಗಾಳಿಯ ಒಂದು ಚಿಮ್ಮು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಗಿರಣಿಯವರು ಇದನ್ನು ಸಾರ್ಟೆಕ್ಸ್ ಎನ್ನುತ್ತಾರೆ; ಒಂದು ಕಂಪನಿಯ ಹೆಸರು ಎಲ್ಲ ಕಂಪನಿಗಳ ಯಂತ್ರಕ್ಕೂ ಅಂಟಿಕೊಂಡಿದೆ. ಸಾರ್ಟೆಕ್ಸ್ ಆದ ಸೋನಾ ಮಸೂರಿಗೆ ಬೆಲೆಯೇ ಬೇರೆ. ಒಳಗೆ ಇರುವುದೆಲ್ಲ ಕ್ಯಾಮೆರಾ ಸಂವೇದಕ, ಪ್ರೊಸೆಸರ್, ಸಾಫ್ಟ್‌ವೇರ್, ಸ್ಪರ್ಶ ಪರದೆ. ಆದರೂ ಕಸ್ಟಮ್ಸ್ ಪುಸ್ತಕದಲ್ಲಿ ಅದರ ಜಾಗ 8437ನೇ ಶೀರ್ಷಿಕೆ: ಬೀಜ, ಧಾನ್ಯ, ಬೇಳೆಕಾಳುಗಳನ್ನು ಸ್ವಚ್ಛಗೊಳಿಸುವ, ವಿಂಗಡಿಸುವ ಯಂತ್ರಗಳು. ಐಟಿ ಒಪ್ಪಂದಕ್ಕೂ ಅದಕ್ಕೂ ಸಂಬಂಧವಿಲ್ಲ. ಬಳ್ಳಾರಿಯ ಜೀನ್ಸ್ ಘಟಕಗಳ ಕಂಪ್ಯೂಟರ್ ಎಂಬ್ರಾಯಿಡರಿ ಯಂತ್ರವೂ ಹಾಗೆಯೇ, ಹೆಸರಿನಲ್ಲಿ ಕಂಪ್ಯೂಟರ್ ಇದ್ದರೂ ಜವಳಿ ಯಂತ್ರಗಳ ಸಾಲಿಗೆ ಸೇರಿದ್ದು. ಗಿರಣಿಯ ಕಚೇರಿ ಮೇಜಿನ ಮೇಲೆ ಬಿಲ್ ಬರೆಯುವ ಕಂಪ್ಯೂಟರ್ ಸುಂಕವಿಲ್ಲದೆ ಬಂತು. ದುಡಿಯುವ ಕಂಪ್ಯೂಟರ್‌ಗೆ ಆ ಭಾಗ್ಯವಿಲ್ಲ. ಮಾಹಿತಿ ತಂತ್ರಜ್ಞಾನ ಎಂದರೆ ಕಚೇರಿಯ ಸಾಮಾನು ಎಂಬ ತೊಂಬತ್ತರ ದಶಕದ ಕಲ್ಪನೆ ಈ ಪಟ್ಟಿಯಲ್ಲಿ ಈಗಲೂ ಹೆಪ್ಪುಗಟ್ಟಿ ಕೂತಿದೆ.

ಮೊಬೈಲ್ ಜಗಳ

ಭಾರತ ಕಟಕಟೆಗೆ ಬಂದದ್ದೂ ಹೆಸರಿನ ಜಗಳದಲ್ಲೇ. 2017ರ ಜೂನ್‌ವರೆಗೆ ಆಮದು ಮೊಬೈಲ್‌ಗೆ ಮೂಲ ಕಸ್ಟಮ್ಸ್ ಸುಂಕ ಇರಲಿಲ್ಲ. ಆದರೆ ಒಂದು ಒಳದಾರಿ ಇತ್ತು. 2015ರ ಬಜೆಟ್‌ನಿಂದ ಆಮದು ಫೋನ್ ಶೇ 12.5ರ ಪ್ರತಿ ಸುಂಕ (ಇಲ್ಲಿನ ಅಬಕಾರಿಗೆ ಸಮನಾಗಿ ಆಮದಿನ ಮೇಲೆ ಹಾಕುತ್ತಿದ್ದ ಸುಂಕ) ಕಟ್ಟಬೇಕಿತ್ತು, ಇಲ್ಲಿ ತಯಾರಿಸಿದವರು ಬಿಡಿಭಾಗಗಳ ಮೇಲೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಲಾಭ ಬಿಟ್ಟುಕೊಟ್ಟರೆ ಶೇ 1ರ ಅಬಕಾರಿ, ಅಂದರೆ ತಯಾರಿಕೆಯ ಮೇಲಿನ ತೆರಿಗೆ, ಕಟ್ಟಿದರೆ ಸಾಕಿತ್ತು. ಆ ಅಂತರವೇ ತಡೆಗೋಡೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪ್ರತಿ ಸುಂಕವೂ ಅಬಕಾರಿಯೂ ಒಟ್ಟಿಗೆ ಮಾಯವಾದವು, ಗೋಡೆ ಬಿತ್ತು. ಅದೇ ದಿನ ಸರ್ಕಾರ ಶೇ 10ರ ಕಸ್ಟಮ್ಸ್ ಸುಂಕ ಹಾಕಿತು. ಡಿಸೆಂಬರ್‌ನಲ್ಲಿ 15, 2018ರ ಫೆಬ್ರುವರಿಯಲ್ಲಿ 20. ಒಳಗಿನ ತೆರಿಗೆಯ ಮರೆಯಲ್ಲಿದ್ದ ರಕ್ಷಣೆ ಹೊರಗೆ ಬಂದು, ಒಪ್ಪಂದಕ್ಕೆ ನೇರವಾಗಿ ಡಿಕ್ಕಿ ಹೊಡೆಯಿತು.

ಐರೋಪ್ಯ ಒಕ್ಕೂಟ, ಜಪಾನ್, ತೈವಾನ್ 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಬೇರೆ ಬೇರೆಯಾಗಿ ದೂರು ಕೊಟ್ಟವು. ಭಾರತದ ವಾದದ ಸಾರ ಹೀಗಿತ್ತು: ನಾವು ಒಪ್ಪಿದ್ದು 1996ರ ಪಟ್ಟಿಗೆ. 2007ರಲ್ಲಿ ಎಚ್‌ಎಸ್ ಸಂಖ್ಯೆಗಳು ಬದಲಾದವು, ನಮ್ಮ ಬದ್ಧತೆಗಳ ಪಟ್ಟಿಯನ್ನು ಹೊಸ ಸಂಖ್ಯೆಗಳಿಗೆ ಇಳಿಸುವಾಗ ನಾವು ಎಂದೂ ಒಪ್ಪದ ಸಾಲುಗಳಿಗೂ ಸೊನ್ನೆ ಬಿತ್ತು, ಅದು ತಪ್ಪಿನಿಂದ ಆದದ್ದು. ತಪ್ಪನ್ನು ತಿದ್ದುವಂತೆ 2018ರಲ್ಲಿ ಕೇಳಿಯೂ ಇತ್ತು. ಬೇರೆ ದೇಶಗಳು ಒಪ್ಪಲಿಲ್ಲ. 2023ರ ಏಪ್ರಿಲ್ 17ರಂದು ಬಂದ ವಿಚಾರಣಾ ಸಮಿತಿಗಳ ಮೂರು ವರದಿಗಳೂ ಮುಖ್ಯ ವಿಷಯದಲ್ಲಿ ಭಾರತದ ವಿರುದ್ಧ ಇದ್ದವು: ಭಾರತದ ಕಟ್ಟುಪಾಡು ಇರುವುದು ಅದರದೇ ಬದ್ಧತಾ ಪಟ್ಟಿಯಲ್ಲಿ ಬರೆದಿರುವ ಸೊನ್ನೆಯಲ್ಲಿ, ಪಟ್ಟಿ ಪರಿಷ್ಕರಣೆ ನಡೆಯುವಾಗ ಆ ಸಮಸ್ಯೆ ಗೊತ್ತಾಗಬಹುದಿತ್ತು, ಈಗ ತಪ್ಪಾಯಿತು ಎಂದರೆ ನಡೆಯದು.

ಕಾನೂನಿನ ಪ್ರಕಾರ ತೀರ್ಪು ಗಟ್ಟಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಪಹಣಿಯಲ್ಲಿ ಸರ್ವೆ ನಂಬರ್ ತಪ್ಪು ಬಿದ್ದಿದೆ ಎಂದು ತಕರಾರು ತೆಗೆಯುವವನು ತಿದ್ದುಪಡಿಯ ಗಡುವಿನೊಳಗೆ ಬರಬೇಕು, ಪಕ್ಕದವನು ಬೇಲಿ ಹಾಕಿದ ಮೇಲಲ್ಲ. ಆದರೂ ಭಾರತ ಸುಂಕ ತೆಗೆಯಬೇಕಾಗಿ ಬರಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಹಿಡಿದಿರುವುದರಿಂದ ಅದು 2019ರ ಡಿಸೆಂಬರ್‌ನಿಂದ ಬಾಗಿಲು ಹಾಕಿಕೊಂಡಿದೆ. ಜಪಾನ್ ಮತ್ತು ಐರೋಪ್ಯ ಒಕ್ಕೂಟದ ಪ್ರಕರಣಗಳಲ್ಲಿ ಭಾರತ 2023ರಲ್ಲಿ ಅದೇ ಪೀಠಕ್ಕೆ ಮೇಲ್ಮನವಿ ಹಾಕಿತು. ನ್ಯಾಯಾಧೀಶರಿಲ್ಲದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯದು, ವಿಚಾರಣೆ ಮುಗಿಯದೆ ತೀರ್ಪು ಜಾರಿಯಾಗದು. ತೈವಾನ್ ಜೊತೆಗಿನ ವರದಿಯ ಅಂಗೀಕಾರವನ್ನು ಎರಡೂ ಕಡೆಯವರು ಮಾತಾಡಿಕೊಂಡು ಮತ್ತೆ ಮತ್ತೆ ಮುಂದೂಡಿದರು. 2025ರ ಡಿಸೆಂಬರ್‌ನಲ್ಲಿ ಚೀನಾ ಕೂಡ ಭಾರತದ ಐಟಿ ಸುಂಕ ಮತ್ತು ಸೌರ ವಲಯದ ಪ್ರೋತ್ಸಾಹಧನದ ವಿರುದ್ಧ ಸಮಾಲೋಚನೆ ಕೋರಿ ಅರ್ಜಿ ಹಾಕಿತು.

ಸೌರ ಫಲಕದ ವಿಷಯ ನಮ್ಮ ಕಡೆಯವರಿಗೆ ದೂರದ್ದಲ್ಲ. ಕೊಪ್ಪಳ, ರಾಯಚೂರಿನ ಬಿಸಿಲು ಈಗ ಸರಕಾಗಿದೆ. 1996ರ ಪಟ್ಟಿಯಲ್ಲಿ ಬೆಳಕಿಗೆ ಸ್ಪಂದಿಸುವ ಸೆಮಿಕಂಡಕ್ಟರ್ ಸಾಧನಗಳ ಸಾಲಿನಲ್ಲಿ ಸೌರ ಕೋಶಗಳೂ ಇವೆ. 2022ರ ಏಪ್ರಿಲ್‌ನಿಂದ ಭಾರತ ಕೋಶಗಳ ಮೇಲೆ ಶೇ 25, ಫಲಕಗಳ ಮೇಲೆ ಶೇ 40 ಸುಂಕ ಹಾಕಿತು. ಚಾವಣಿಯ ಮೇಲೆ ಫಲಕ ಹಾಕಿಸಿಕೊಳ್ಳುವ ಮನೆಯವರಿಗೂ ಪಂಪ್‌ಸೆಟ್‌ಗೆ ಸೌರ ವಿದ್ಯುತ್ ಬಯಸುವ ರೈತರಿಗೂ ಅದು ಮುಟ್ಟಿತು.

ಸೊನ್ನೆ ಸುಂಕ ಉದ್ಯಮವನ್ನು ಕೊಂದಿತೇ?

ವಾಣಿಜ್ಯ ಸಚಿವಾಲಯದ ಅಧಿಕೃತ ನಿಲುವು ಹೌದು ಎಂಬುದೇ. ಐಟಿ ಒಪ್ಪಂದದ ಅನುಭವ ಬಹಳ ನಿರಾಶಾದಾಯಕ, ಅದು ದೇಶದ ಐಟಿ ಉದ್ಯಮವನ್ನು ಹೆಚ್ಚುಕಡಿಮೆ ಅಳಿಸಿಹಾಕಿತು, ಲಾಭವಾದದ್ದು ಚೀನಾಕ್ಕೆ ಎಂದು ಅದು ಹೇಳುತ್ತ ಬಂದಿದೆ. ಈ ಮಾತಿನಲ್ಲಿ ಒಂದು ಬಿರುಕಿದೆ. ಲಾಭ ಪಡೆದ ಚೀನಾದ ಸುಂಕವೂ ಸೊನ್ನೆಯೇ ಆಗಿತ್ತಲ್ಲ? ವಿಯೆಟ್ನಾಂ 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರುವಾಗ ಇದೇ ಒಪ್ಪಂದವನ್ನು ಒಪ್ಪಿಕೊಂಡೇ ಸೇರಿತು, ಸ್ಯಾಮ್‌ಸಂಗ್‌ನ ದೊಡ್ಡ ಫೋನ್ ಕಾರ್ಖಾನೆ ಅಲ್ಲಿ ಆರಂಭವಾದದ್ದು ಆಮೇಲೆ. ನಮ್ಮಲ್ಲೇ ನೋಕಿಯಾದ ಶ್ರೀಪೆರಂಬುದೂರು ಕಾರ್ಖಾನೆ 2006ರಲ್ಲಿ, ಮೊಬೈಲ್ ಸುಂಕ ಇಲ್ಲದ ಕಾಲದಲ್ಲಿ, ತೆರೆಯಿತು. 2014ರಲ್ಲಿ ಅದು ಮುಚ್ಚುವ ಹೊತ್ತಿಗೆ ಎದುರಿಗಿದ್ದದ್ದು ತೆರಿಗೆ ವ್ಯಾಜ್ಯ. ಅಗ್ಗದ ಆಮದು ಅಲ್ಲ. ಇನ್ನೊಂದು ಬದಿಯಲ್ಲಿ, ಒಪ್ಪಂದಕ್ಕೆ ಸೇರದೆ ಸುಂಕ ಉಳಿಸಿಕೊಂಡ ಬ್ರೆಜಿಲ್ ಜಗತ್ತಿನ ಕಂಪ್ಯೂಟರ್ ಕಾರ್ಖಾನೆ ಆಗಲಿಲ್ಲ.

ಕೊಂದದ್ದು ಬೇರೆ. ತಯಾರಾದ ಕಂಪ್ಯೂಟರ್‌ಗೆ ಸೊನ್ನೆ. ಅದರ ಪೆಟ್ಟಿಗೆಗೆ ಬೇಕಾದ ಪ್ಲಾಸ್ಟಿಕ್, ತಂತಿ, ರಾಸಾಯನಿಕ, ಲೋಹದ ಭಾಗಗಳಿಗೆ ಸುಂಕ. ಇದಕ್ಕೆ ತಲೆಕೆಳಗಾದ ಸುಂಕ ವ್ಯವಸ್ಥೆ ಎನ್ನುತ್ತಾರೆ. ಅಕ್ಕಿ ಸುಂಕವಿಲ್ಲದೆ ಬರಲು ಬಿಟ್ಟು ಭತ್ತಕ್ಕೆ ಸುಂಕ ಹಾಕಿದರೆ ಗಂಗಾವತಿಯಲ್ಲಿ ಗಿರಣಿ ನಡೆಸುವವರು ಯಾರು? ಅದರ ಜೊತೆಗೆ ವಿದ್ಯುತ್ ಕಡಿತ, ದುಬಾರಿ ಸಾಲ, ಬಂದರಿನಲ್ಲಿ ವಾರಗಟ್ಟಲೆ ಕಾಯುವ ಕಂಟೇನರ್. ಒಪ್ಪಂದ ಇವುಗಳಲ್ಲಿ ಯಾವುದನ್ನೂ ನಮ್ಮ ಮೇಲೆ ಹೇರಿರಲಿಲ್ಲ. ಬಿಡಿಭಾಗಗಳ ಸುಂಕವನ್ನು ಸೊನ್ನೆಗೆ ಇಳಿಸುವುದನ್ನು ಅದು ಎಂದೂ ತಡೆದಿರಲಿಲ್ಲ. 2024ರ ಜನವರಿಯಲ್ಲಿ ಮೊಬೈಲ್‌ನ ಹಲವು ಬಿಡಿಭಾಗಗಳ ಸುಂಕವನ್ನು ಶೇ 15ರಿಂದ 10ಕ್ಕೆ ಇಳಿಸಿದ್ದು, 2025ರಲ್ಲಿ ₹22,919 ಕೋಟಿಯ ಬಿಡಿಭಾಗ ತಯಾರಿಕೆ ಯೋಜನೆ ಬಂದದ್ದು, ಈ ಸತ್ಯ ದೆಹಲಿಗೂ ತಿಳಿದಿದೆ ಎಂಬುದನ್ನು ತೋರಿಸುತ್ತವೆ. ಹಾಗೆಂದು 2020ರಿಂದ ಫೋನ್ ಜೋಡಣೆ ಬೆಳೆದದ್ದಕ್ಕೆ ಸುಂಕದ ಗೋಡೆಯ ಪಾಲೇ ಇಲ್ಲ ಎನ್ನಲಾರೆ. ಇದೆ. ಆದರೆ ರಫ್ತಾಗುವ ಫೋನ್‌ಗೆ ಆಮದು ಸುಂಕದಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ. ಅದನ್ನು ಮಾರುಕಟ್ಟೆಗೆ ತಲುಪಿಸಿದ್ದರಲ್ಲಿ ಉತ್ಪಾದನೆ ಆಧಾರಿತ ಪ್ರೋತ್ಸಾಹಧನದ ಕೈ ದೊಡ್ಡದು, ಚೀನಾದ ಆಚೆಗೂ ಕಾರ್ಖಾನೆ ಇರಲಿ ಎಂದು ಕಂಪನಿಗಳು ನಿರ್ಧರಿಸಿದ್ದೂ ಸಣ್ಣದಲ್ಲ.

ಸುಂಕದ ಸ್ವಾತಂತ್ರ್ಯ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಕೊಪ್ಪಳವೇ ಉದಾಹರಣೆ. ಆಟಿಕೆಗಳು ಐಟಿ ಪಟ್ಟಿಯಲ್ಲಿಲ್ಲ. 2020ರ ಬಜೆಟ್ ಅವುಗಳ ಸುಂಕವನ್ನು ಶೇ 20ರಿಂದ ಒಮ್ಮೆಗೇ 60ಕ್ಕೆ, 2023ರ ಬಜೆಟ್ 70ಕ್ಕೆ ಏರಿಸಿತು. 2021ರ ಆರಂಭದಲ್ಲಿ ಗುಣಮಟ್ಟದ ಕಡ್ಡಾಯ ಗುರುತು ಬಂತು. ಅದೇ ಜನವರಿಯಲ್ಲಿ ಭಾನಾಪುರದ ಬಳಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಶಂಕುಸ್ಥಾಪನೆಯಾಯಿತು. ಕಿನ್ನಾಳದ ಬಣ್ಣದ ಮರದ ಗೊಂಬೆಗಳ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಆಟಿಕೆಯ ಕಾರ್ಖಾನೆ. ಕಿನ್ನಾಳದ ಚಿತ್ರಗಾರರಿಗೆ ಶೇ 70ರ ಸುಂಕದಿಂದ ಏನು ಸಿಕ್ಕಿತು ಎಂಬುದು ಬೇರೆಯೇ ಪ್ರಶ್ನೆ, ಅವರ ಪೈಪೋಟಿ ಎಂದೂ ಚೀನಾದ ರಿಮೋಟ್ ಕಾರಿನ ಜೊತೆ ಇರಲಿಲ್ಲ. ಆದರೆ ದೊಡ್ಡ ಹೂಡಿಕೆದಾರನಿಗೆ ಸುಂಕ ಒಂದು ಭರವಸೆ ಕೊಟ್ಟಿತು. ಲ್ಯಾಪ್‌ಟಾಪ್‌ಗೆ ಅಂಥ ಭರವಸೆ ಕೊಡಲು ಸರ್ಕಾರಕ್ಕೆ ದಾರಿಯಿಲ್ಲ, 1997ರಲ್ಲಿ ಮಾತು ಕೊಟ್ಟಾಗಿದೆ.

ದಾರಿ ಇಲ್ಲದಾಗ ಲೈಸೆನ್ಸ್ ಬರುತ್ತದೆ. 2023ರ ಆಗಸ್ಟ್ 3ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಅತಿ ಸಣ್ಣ ಕಂಪ್ಯೂಟರ್, ಸರ್ವರ್‌ಗಳ ಆಮದಿಗೆ ಪರವಾನಗಿ ಬೇಕು ಎಂದು ಏಕಾಏಕಿ ಪ್ರಕಟಿಸಿತು. ಮರುದಿನವೇ ಜಾರಿಯನ್ನು ಮುಂದೂಡಿತು. ಅಕ್ಟೋಬರ್‌ನಲ್ಲಿ ಅದು ಆನ್‌ಲೈನ್ ಅನುಮತಿ ಪಡೆದು ತರಿಸಿಕೊಳ್ಳುವ ಆಮದು ನಿರ್ವಹಣಾ ವ್ಯವಸ್ಥೆಯಾಗಿ ಇಳಿಯಿತು. ನನಗೆ ಕೇಳಿದರೆ ಸುಂಕಕ್ಕಿಂತ ಇದು ಕೆಟ್ಟದ್ದು. ಸುಂಕ ಎಷ್ಟು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಅನುಮತಿ ಯಾರಿಗೆ, ಎಷ್ಟು, ಯಾವಾಗ ಎಂಬುದು ದೊಡ್ಡ ಕಂಪನಿಗಳಿಗೆ ಮೊದಲು ತಿಳಿಯುತ್ತದೆ, ರಾಯಚೂರಿನ ವ್ಯಾಪಾರಿಗೆ ಸ್ಟಾಕ್ ಬಾರದಿದ್ದಾಗ ತಿಳಿಯುತ್ತದೆ.

ಸೇರದ ಎರಡನೇ ಒಪ್ಪಂದ

2015ರ ಡಿಸೆಂಬರ್‌ನಲ್ಲಿ ನೈರೋಬಿಯಲ್ಲಿ ಒಪ್ಪಂದದ ವಿಸ್ತರಣೆ ಅಂತಿಮವಾಯಿತು. ಐವತ್ತಕ್ಕೂ ಹೆಚ್ಚು ಸದಸ್ಯರು ಇನ್ನೂ 201 ವಸ್ತುಗಳ ಸುಂಕ ತೆಗೆಯಲು ಒಪ್ಪಿದರು. ವರ್ಷಕ್ಕೆ ಸುಮಾರು 1.3 ಲಕ್ಷ ಕೋಟಿ ಡಾಲರ್ ವ್ಯಾಪಾರ. ಭಾರತ ಸೇರಲಿಲ್ಲ. ಚೀನಾ ಸೇರಿತು. ಆ ಎಲ್ಲ ದೇಶಗಳು ಇಳಿಸಿದ ಸುಂಕದ ಲಾಭ ನಮ್ಮ ರಫ್ತುದಾರರಿಗೂ ಸಿಗುತ್ತದೆ, ಮೇಲೆ ಹೇಳಿದ ನಿಯಮದಿಂದ. ಹಾಗಾಗಿ ತಯಾರಕರ ಕಡೆಯಿಂದ ನೋಡಿದರೆ ಹೊರಗುಳಿದದ್ದು ಜಾಣ ನಡೆಯೇ. ಕೊಡದೆ ಪಡೆಯಬಹುದಾದರೆ ಯಾರು ಬೇಡವೆನ್ನುತ್ತಾರೆ?

ಬಳಸುವವರ ಕಡೆಯಿಂದ ಅದರ ಬೆಲೆ ಆಸ್ಪತ್ರೆಯಲ್ಲಿ ಕಾಣುತ್ತದೆ. ಆ 201 ವಸ್ತುಗಳಲ್ಲಿ ಇಸಿಜಿ, ಅಲ್ಟ್ರಾಸೌಂಡ್, ಎಂಆರ್‌ಐ, ಸಿಟಿ ಸ್ಕ್ಯಾನ್ ಯಂತ್ರಗಳಿವೆ. ನಾವು ಅವುಗಳ ಸುಂಕವನ್ನು ಉಳಿಸಿಕೊಂಡೆವು. ಸಾಲದೆಂಬಂತೆ 2020ರ ಬಜೆಟ್‌ನಲ್ಲಿ ಆಮದಾಗುವ ವೈದ್ಯಕೀಯ ಸಾಧನಗಳ ಮೇಲೆ ಶೇ 5ರ ಆರೋಗ್ಯ ಸೆಸ್ ಸೇರಿಸಿದೆವು, ಆಸ್ಪತ್ರೆ ಕಟ್ಟಲು ಹಣ ಬೇಕೆಂದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಎಂಆರ್‌ಐಗೆ ಸರದಿ ನಿಲ್ಲಬೇಕಾದವರು, ಖಾಸಗಿ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗಿ ಕೂಲಿಯ ದುಡ್ಡು ಸುರಿಯುವವರು ಇರುವ ಜಿಲ್ಲೆಗಳು ಇವು. ಫೋನ್‌ನ ಸುಂಕ ಒಬ್ಬನ ಜೇಬಿಗೆ ಭಾರವಾದರೆ, ಸ್ಕ್ಯಾನರ್‌ನ ಸುಂಕ ಪ್ರತಿ ಸ್ಕ್ಯಾನ್‌ನ ಬಿಲ್ಲಿನಲ್ಲೂ ಸ್ವಲ್ಪ ಸ್ವಲ್ಪವಾಗಿ ಕೂತಿರುತ್ತದೆ.

ಈ ಎರಡನೇ ಒಪ್ಪಂದಕ್ಕೆ ಇಡಿಯಾಗಿ ಸೇರಬೇಕೆಂದು ನಾನು ಹೇಳುವುದಿಲ್ಲ. ಒಮ್ಮೆ ಸಹಿ ಹಾಕಿದರೆ ಹಿಂದಿರುಗುವುದು ಸುಲಭವಲ್ಲ ಎಂಬುದನ್ನು ಮೊಬೈಲ್ ಪ್ರಕರಣ ಕಲಿಸಿದೆ. ನಿಯಮ ಬರೆದವರೇ ಅದನ್ನು ಪಾಲಿಸುತ್ತಿಲ್ಲ ಎಂಬುದೂ ಕಣ್ಣೆದುರಿಗಿದೆ: 2018ರಿಂದ ಅಮೆರಿಕ ಚೀನಾದ ರೌಟರ್, ಮೋಡೆಮ್‌ಗಳಂಥ ಒಪ್ಪಂದದೊಳಗಿನ ವಸ್ತುಗಳ ಮೇಲೂ ಸುಂಕ ಹಾಕಿತು. 2025ರ ಏಪ್ರಿಲ್‌ನಲ್ಲಿ ಬೇರೆ ದೇಶಗಳ ಸುಂಕಕ್ಕೆ ಪ್ರತಿಯಾಗಿ ಎಂದು ಹೊಸ ಸುಂಕಗಳನ್ನು ಘೋಷಿಸಿ, ಕೆಲವೇ ದಿನಗಳಲ್ಲಿ ಸ್ಮಾರ್ಟ್‌ಫೋನ್, ಕಂಪ್ಯೂಟರ್‌ಗಳಿಗೆ ವಿನಾಯಿತಿ ಕೊಟ್ಟಿತು. ಅಲ್ಲಿ ಬಳಸುವವರ ಧ್ವನಿ ಎಷ್ಟು ಜೋರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಸೇರದೆಯೂ ಸುಂಕ ಇಳಿಸಬಹುದು. ಅದಕ್ಕೆ ನೈರೋಬಿಯ ಸಹಿ ಬೇಡ, ದೆಹಲಿಯ ಒಂದು ಅಧಿಸೂಚನೆ ಸಾಕು; ಬೇಡವೆನಿಸಿದಾಗ ಮತ್ತೆ ಏರಿಸಬಹುದು. ದೇಶದಲ್ಲಿ ಸಾಕಷ್ಟು ತಯಾರಾಗದ ರೋಗಪತ್ತೆ ಯಂತ್ರಗಳು, ಅಕ್ಕಿ ಮತ್ತು ಬೇಳೆ ಗಿರಣಿಗಳ ವಿಂಗಡಣಾ ಯಂತ್ರಗಳ ಕ್ಯಾಮೆರಾ ಹಾಗೂ ಸರ್ಕ್ಯೂಟ್ ಬೋರ್ಡ್‌ಗಳು, ಸರ್ಕಾರಿ ಶಾಲೆಗಳು ಕೊಳ್ಳುವ ಬೋಧನಾ ಪರದೆಗಳು, ಈ ಮೂರಕ್ಕೆ ಸುಂಕ ವಿನಾಯಿತಿ ಕೇಳಲು ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೆ ಸಕಾರಣಗಳಿವೆ. ಬಜೆಟ್‌ಗೆ ಮುನ್ನ ಹಣಕಾಸು ಸಚಿವಾಲಯ ಉದ್ಯಮ ಸಂಘಗಳಿಂದ ಸುಂಕದ ಬಗ್ಗೆ ಸಲಹೆ ಕೇಳುತ್ತದೆ. ನಮ್ಮ ಗಿರಣಿ ಮಾಲೀಕರ ಸಂಘಗಳು, ಜಿಲ್ಲಾ ವಾಣಿಜ್ಯ ಮಂಡಳಿಗಳು ಬರೆಯುವ ಪತ್ರದಲ್ಲಿ ಎಚ್‌ಎಸ್ ಸಂಖ್ಯೆಯೂ ಇರಬೇಕು, ಸಂಸದರಿಗೆ ಅದರ ಒಂದು ಪ್ರತಿಯೂ ಹೋಗಬೇಕು. ಸಂಖ್ಯೆ ಇಲ್ಲದ ಮನವಿಯನ್ನು ಆ ಕಚೇರಿಯಲ್ಲಿ ಯಾವ ಕಡತಕ್ಕೆ ಸೇರಿಸಬೇಕೆಂಬುದೇ ತೋಚುವುದಿಲ್ಲ.